ಸೈಟಿನ ‘ಉಳಿಸಿ’ ಬಟನ್ ಒತ್ತಿದರೆ ಗಿಟ್‌ಹಬ್‌ನಲ್ಲಿ ಕಮಿಟ್ ಆಗುವಂತೆ ಮಾಡುವುದು ಹೇಗೆ?

ಖಂಡಿತ ಮಾಡಬಹುದು. ಗಿಟ್ ಅಂದರೆ ಫೈಲುಗಳ ಬದಲಾವಣೆಯ ಇತಿಹಾಸ ಇಡುವ ಸಾಧನ, ಗಿಟ್‌ಹಬ್ ಅದರ ಆನ್‌ಲೈನ್ ತಾಣ, ಕಮಿಟ್ ಅಂದರೆ ಹಾಗೆ ದಾಖಲಾಗುವ ಒಂದು ಬದಲಾವಣೆ. ನಿಮ್ಮದು ಹ್ಯೂಗೋದಲ್ಲಿ (ಪಠ್ಯದ ಫೈಲುಗಳಿಂದ ಸೈಟು ಕಟ್ಟುವ ಸಾಧನ) ಕಟ್ಟಿದ ಕನ್ನಡ ಸೈಟು, ಲೇಖನಗಳೆಲ್ಲ ಗಿಟ್‌ಹಬ್ ರೆಪೊದಲ್ಲಿ (ಫೈಲುಗಳ ಸಂಗ್ರಹದಲ್ಲಿ) ಇವೆ, ಬರೆಯುವವರಿಗೆ ಗಿಟ್ ಗೊತ್ತಿಲ್ಲ. ಟೋಕನ್ನನ್ನು (ಗಿಟ್‌ಹಬ್‌ಗೆ ಪ್ರವೇಶ ಕೊಡುವ ರಹಸ್ಯ ಕೀಲಿ) ಪುಟದ ಜಾವಾಸ್ಕ್ರಿಪ್ಟಿನಲ್ಲೇ ಇಡಬಹುದಾ ಅಂತ ಕೇಳಿದ್ದೀರಿ. ಅದೊಂದು ಬೇಡವೇ ಬೇಡ. ಬ್ರೌಸರಿಗೆ ಹೋದದ್ದನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಟೋಕನ್ ಸಿಕ್ಕವರು ನಿಮ್ಮ ಲೇಖನಗಳನ್ನೆಲ್ಲ ಅಳಿಸಿಬಿಡಬಹುದು.

ನಡುವೆ ಒಂದು ಚಿಕ್ಕ ಸರ್ವರ್ ಇರಲಿ, ಒಂದು ಸರ್ವರ್‌ಲೆಸ್ ಫಂಕ್ಷನ್ (ಕರೆದಾಗ ಮಾತ್ರ ಓಡುವ ಚಿಕ್ಕ ಕೋಡ್) ಆದರೂ ಸಾಕು. ಬರೆಯುವವರು ಅದಕ್ಕೆ ಲಾಗಿನ್ ಆಗಲಿ, ಗಿಟ್‌ಹಬ್ ಜೊತೆ ಅದು ಮಾತಾಡಲಿ. ಫೈನ್-ಗ್ರೇನ್ಡ್ ಟೋಕನ್ ಮಾಡಿ, ಆ ಒಂದೇ ರೆಪೊಗೆ, ‘ಕಂಟೆಂಟ್ಸ್’ ಓದುವ-ಬರೆಯುವ ಅನುಮತಿ ಮಾತ್ರ ಕೊಡಿ. ಕಮಿಟ್ ಕಳಿಸುವಾಗ ‘ಆಥರ್’ ಜಾಗದಲ್ಲಿ ಬರೆದವರ ಹೆಸರು ಹಾಕಿ. ಯಾವ ಸಾಲು ಯಾರದ್ದು ಅಂತ ಮುಂದೆ ಹುಡುಕುವವರಿಗೆ ಇದು ತುಂಬಾ ಉಪಕಾರ.

ಫೈಲ್ ಬರೆಯಲು ಗಿಟ್‌ಹಬ್‌ನ ಕಂಟೆಂಟ್ಸ್ ಎಪಿಐಗೆ (ಬೇರೆ ಪ್ರೋಗ್ರಾಮುಗಳು ಗಿಟ್‌ಹಬ್ ಜೊತೆ ಮಾತಾಡುವ ದಾರಿ) ಪುಟ್ ರಿಕ್ವೆಸ್ಟ್ (ಬರೆಯುವ ಕೋರಿಕೆ) ಹೋಗಬೇಕು. ಅದರಲ್ಲಿ ಕಮಿಟ್ ಸಂದೇಶ, ಬೇಸ್64 ಮಾಡಿದ (ಸರಳ ಇಂಗ್ಲಿಷ್ ಅಕ್ಷರ-ಅಂಕಿಗಳಿಗೆ ಬದಲಿಸಿದ) ಪಠ್ಯ, ಹಳೆಯ ಫೈಲಿನ ಎಸ್‌ಎಚ್‌ಎ (ಫೈಲಿನ ಆ ಆವೃತ್ತಿಯ ಗುರುತು) ಇರುತ್ತವೆ. ಈ ಎಸ್‌ಎಚ್‌ಎ ವಿಷಯದಲ್ಲಿ ಜಾಸ್ತಿ ಗಮನ ಕೊಡಿ. ಇಬ್ಬರು ಒಂದೇ ಲೇಖನ ತೆರೆದುಕೊಂಡಿದ್ದಾರೆ ಅಂದುಕೊಳ್ಳಿ. ಮೊದಲನೆಯವರು ಉಳಿಸಿದ ಮೇಲೆ ಎರಡನೆಯವರು ಹಳೆಯ ಎಸ್‌ಎಚ್‌ಎ ಕಳಿಸಿದರೆ ಗಿಟ್‌ಹಬ್ 409 (ಘರ್ಷಣೆ ಇದೆ ಎಂಬ ದೋಷಸಂಖ್ಯೆ) ಅಂತ ವಾಪಸ್ ಕಳಿಸುತ್ತದೆ. ಅದು ನಮಗೆ ಒಳ್ಳೆಯದೇ, ಅಲ್ವಾ? ಆದರೆ ಎಷ್ಟೋ ಕೋಡ್‌ಗಳಲ್ಲಿ ಉಳಿಸುವ ಗಳಿಗೆಯಲ್ಲಿ ಹೊಸ ಎಸ್‌ಎಚ್‌ಎ ತಂದು ಕಳಿಸಿಬಿಡುತ್ತಾರೆ. ಆಗ 409 ಬರುವುದೇ ಇಲ್ಲ, ಮೊದಲನೆಯವರು ತಿದ್ದಿದ್ದು ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಲೇಖನ ತೆರೆದಾಗ ಸಿಕ್ಕ ಎಸ್‌ಎಚ್‌ಎಯನ್ನೇ ಇಟ್ಟುಕೊಂಡು ಅದನ್ನೇ ಕಳಿಸಿ. 409 ಬಂದರೆ ಎರಡೂ ಪಠ್ಯವನ್ನು ಪಕ್ಕಪಕ್ಕ ತೋರಿಸಿ, ಬರೆಯುವವರೇ ನೋಡಿ ತೀರ್ಮಾನಿಸಲಿ.

ಇನ್ನು ಬೇಸ್64. ಇಂಗ್ಲಿಷ್ ಪಠ್ಯದಲ್ಲಿ ಟೆಸ್ಟ್ ಮಾಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಒಂದು ‘ಅ’ ಬಂದರೆ ಸಾಕು, ನಿಲ್ಲುತ್ತದೆ. ಬೇಸ್64 ಮಾಡುವ ಬ್ರೌಸರಿನ ಬಿ-ಟು-ಎ ಫಂಕ್ಷನ್‌ಗೆ 255ರ ಒಳಗಿನ ಅಕ್ಷರಸಂಖ್ಯೆ ಮಾತ್ರ ಗೊತ್ತು. ಕನ್ನಡದ ಯೂನಿಕೋಡ್ ಸಂಖ್ಯೆಗಳು ಮೂರು ಸಾವಿರದ ಮೇಲಿವೆ. ಮೊದಲು ಪಠ್ಯವನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಲ್ಲಿ ಬರೆಯುವ ಪದ್ಧತಿ) ಬೈಟುಗಳಾಗಿ ಮಾಡಿ, ಆಮೇಲೆ ಬೇಸ್64 ಮಾಡಬೇಕು. ನೋಡ್.ಜೆಎಸ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಸರ್ವರ್ ಇದ್ದರೆ ಅದರಲ್ಲಿರುವ ಬಫರ್ ಬಳಸಿ, ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಓದುವಾಗಲೂ ಇದನ್ನೇ ತಿರುವುಮುರುವಾಗಿ ಮಾಡಿ. ಇಲ್ಲದಿದ್ದರೆ ಲೇಖನ ತೆರೆದವರಿಗೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ.

ಆಟೋಸೇವ್ ಅನ್ನು ಎಪಿಐಗೆ ಜೋಡಿಸಬೇಡಿ. ಪ್ರತಿ ಸಲವೂ ಒಂದು ಕಮಿಟ್, ಸೈಟನ್ನು ಮತ್ತೆ ಕಟ್ಟುವ ಒಂದು ಬಿಲ್ಡ್. ಗಂಟೆಗೆ 5000 ರಿಕ್ವೆಸ್ಟ್ ಮಿತಿ ನಿಮಗೆ ಧಾರಾಳ, ಆದರೆ ಇತಿಹಾಸವೆಲ್ಲ ಸುಮ್ನೆ ಅರ್ಧಂಬರ್ಧ ಸಾಲುಗಳಿಂದ ತುಂಬುತ್ತದೆ. ಕರಡು ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿರಲಿ.

ಇಷ್ಟೆಲ್ಲ ಕೋಡ್ ಬರೆಯಲು ಸಮಯ ಇಲ್ಲದಿದ್ದರೆ ಡೀಕ್ಯಾಪ್ ಸಿಎಂಎಸ್ (ಸೈಟಿನ ಲೇಖನಗಳನ್ನು ಬ್ರೌಸರಿನಲ್ಲೇ ತಿದ್ದುವ ಸಿದ್ಧ ಸಾಧನ) ನೋಡಿ. 2023ರವರೆಗೆ ಅದರ ಹೆಸರು ನೆಟ್ಲಿಫೈ ಸಿಎಂಎಸ್ ಅಂತ ಇತ್ತು. ಹ್ಯೂಗೋಗೆ ಚೆನ್ನಾಗಿ ಹೊಂದುತ್ತದೆ, ಪ್ರಕಟಿಸುವ ಮುಂಚೆ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮೂಲಕ ಪರಿಶೀಲಿಸುವ ವ್ಯವಸ್ಥೆಯೂ ಇದೆ. ಗಿಟ್‌ಹಬ್ ಲಾಗಿನ್‌ಗೆ ಅದಕ್ಕೂ ಒಂದು ಚಿಕ್ಕ ಓಆತ್ (ಪಾಸ್‌ವರ್ಡ್ ಹಂಚಿಕೊಳ್ಳದೆ ಅನುಮತಿ ಕೊಡುವ ವಿಧಾನ) ಸರ್ವರ್ ಬೇಕಾಗುತ್ತದೆ. ಬರೆಯುವವರು ಒಬ್ಬೊಬ್ಬರೂ ಗಿಟ್‌ಹಬ್ ಖಾತೆ ತೆರೆಯಬೇಕಾಗುತ್ತದೆ. ನಿಮ್ಮ ಬಳಗದವರು ಅದಕ್ಕೆ ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಒಪ್ಪದಿದ್ದರೆ ಮೇಲೆ ಹೇಳಿದ ಸ್ವಂತ ಫಂಕ್ಷನ್ ದಾರಿಯನ್ನೇ ನಾನು ಹೇಳುತ್ತೇನೆ.