ಪೂರ್ವಗ್ರಹದ ಮೇಲೆ ಪಿಎಚ್‌ಡಿ: ಸಂಪರ್ಕ ಸಿದ್ಧಾಂತವೋ, ಸುಪ್ತ ಪೂರ್ವಗ್ರಹವೋ?

ಪಿಎಚ್‌ಡಿಗೆ ಸಂಪರ್ಕ ಸಿದ್ಧಾಂತ ಹಿಡಿಯೋದಾ, ಇಲ್ಲ ಸುಪ್ತ ಪೂರ್ವಗ್ರಹ, ಅಂದರೆ ನಮಗೇ ಗೊತ್ತಿಲ್ಲದೆ ಮನಸ್ಸಿನೊಳಗೆ ಕೂತಿರೋ ಪೂರ್ವಗ್ರಹ, ಹಿಡಿಯೋದಾ, ಎರಡರಲ್ಲಿ ಯಾವುದಕ್ಕೆ ಮುಂದೆ ಬೆಲೆ ಜಾಸ್ತಿ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ಸಂಪರ್ಕ ಸಿದ್ಧಾಂತ ಹಿಡಿದವನು. ಎರಡು ಗುಂಪಿನವರು ಸರಿಸಮಾನರಾಗಿ, ಒಂದೇ ಗುರಿಗೆ ಕೈಜೋಡಿಸಿ ದುಡಿದರೆ, ಮೇಲಿನವರ ಬೆಂಬಲವೂ ಇದ್ದರೆ, ಪೂರ್ವಗ್ರಹ ಇಳಿಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದದ್ದೇ ಈ ಸಿದ್ಧಾಂತ.

ಒಬ್ಬರನ್ನೊಬ್ಬರು ಕಂಡರಾಗದ ಎರಡು ಸಮುದಾಯಗಳ ವಿದ್ಯಾರ್ಥಿಗಳನ್ನು ಬೆರೆಸಿ ತಂಡ ಕಟ್ಟಿದೆ. ಆರು ವಾರ ಒಟ್ಟಿಗೆ ಕೆಲಸ. ಶುರುವಿಗೊಂದು ಪ್ರಶ್ನಾವಳಿ, ಕೊನೆಗೆ ಅದೇ ಪ್ರಶ್ನಾವಳಿ. ‘ಆ ಗುಂಪಿನವರು ಪಕ್ಕದ ಮನೆಗೆ ಬಂದರೆ ನಿಮಗೆಷ್ಟು ಒಪ್ಪಿಗೆ?’ 1ರಿಂದ 7ರೊಳಗೆ ಒಂದಕ್ಕೆ ಸುತ್ತು ಹಾಕಬೇಕು. ಕೊನೇ ದಿನ ಎಲ್ಲರದೂ 6, 7. ಕುಣಿದಾಡಿಬಿಟ್ಟೆ.

ತಪ್ಪು ಎಲ್ಲಾಯ್ತು ಗೊತ್ತಾ? ಹಾಳೆ ಹಂಚಿದವನು ನಾನೇ, ವಾಪಸ್ ಇಸ್ಕೊಂಡವನೂ ನಾನೇ. ಆರು ವಾರ ಸ್ನೇಹ ಸ್ನೇಹ ಅಂತ ಬಡಕೊಂಡವನ ಎದುರು ಕೂತು 2ಕ್ಕೆ ಸುತ್ತು ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ? ನನಗೆ ಬೇಕಾದ್ದನ್ನೇ ಬರೆದುಕೊಟ್ಟರು. ಪಾಪ, ಒಳ್ಳೇ ಹುಡುಗರು.

ಅದೇ ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬ ಹುಡುಗ, ತನ್ನದೇ ತಂಡದ, ಆದರೆ ಇನ್ನೊಂದು ಸಮುದಾಯದವನು ತಟ್ಟೆ ಹಿಡಿದು ಬರೋದನ್ನ ನೋಡಿ, ಪಕ್ಕದ ಖಾಲಿ ಕುರ್ಚಿ ಮೇಲೆ ಬ್ಯಾಗ್ ಇಟ್ಟ. ಕಣ್ಣಾರೆ ಕಂಡೆ. ಬರೆದುಕೊಳ್ಳಲಿಲ್ಲ, ಅದು ಡೇಟಾ ಅಲ್ಲವಲ್ಲ! ವೈವಾದಲ್ಲಿ ಪರೀಕ್ಷಕರು ಕೇಳಿದ್ದೇ ಅದು: ‘ಊಟಕ್ಕೆ ಯಾರು ಯಾರ ಜೊತೆ ಕೂತರು?’ ನನ್ನ ಬಾಯಿ ಕಟ್ಟಿತು. ಎರಡು ವರ್ಷ ಮತ್ತೆ ಮೊದಲಿಂದ.

ಹೇಳೋದು ಒಂದು, ಮಾಡೋದು ಇನ್ನೊಂದು ಅಂತ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1934ರಲ್ಲೇ ತೋರಿಸಿದ್ದ, ಅದೂ ಉಲ್ಟಾ ದಿಕ್ಕಿನಿಂದ. ಚೀನೀ ದಂಪತಿ ಜೊತೆ ಅಮೆರಿಕ ಸುತ್ತಿದಾಗ 251 ಹೋಟೆಲು, ವಸತಿಗೃಹಗಳಲ್ಲಿ ಬಾಗಿಲು ಹಾಕಿದ್ದು ಒಂದೇ ಕಡೆ. ಆಮೇಲೆ ಪತ್ರ ಬರೆದು ಕೇಳಿದರೆ, ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಚೀನೀಯರನ್ನು ಸೇರಿಸೋದಿಲ್ಲ ಅಂದರು. ಎಂಎ ಪರೀಕ್ಷೆಗೆ ಇದನ್ನ ಬಾಯಿಪಾಠ ಮಾಡಿದ್ದೆ ನಾನು.

ಹಾಗಂತ ಸಿದ್ಧಾಂತ ಸುಳ್ಳಲ್ಲ. 2006ರಲ್ಲಿ ಪೆಟಿಗ್ರೂ, ಟ್ರಾಪ್ ಅನ್ನೋ ಇಬ್ಬರು ಸಂಶೋಧಕರು 515 ಅಧ್ಯಯನ ಒಟ್ಟು ಹಾಕಿ ನೋಡಿದಾಗಲೂ, ಸಂಪರ್ಕ ಜಾಸ್ತಿ ಇದ್ದಲ್ಲಿ ಪೂರ್ವಗ್ರಹ ಸಾಮಾನ್ಯವಾಗಿ ಕಮ್ಮಿಯೇ ಇತ್ತು. ಸುಪ್ತ ಪೂರ್ವಗ್ರಹವೂ ಒಳ್ಳೇ ವಿಷಯವೇ. ಆದರೆ ಅದರ ಪರೀಕ್ಷೆಯಲ್ಲಿ ಮಾಡೋ ಹಾಗೆ, ಕಂಪ್ಯೂಟರಿನಲ್ಲಿ ಪದ, ಚಿತ್ರ ಕಂಡಾಗ ಕೀಲಿ ಒತ್ತುವ ವೇಗ ಅಳೆದ ಮಾತ್ರಕ್ಕೆ ಆ ಬ್ಯಾಗ್ ಕಾಣಿಸೋದಿಲ್ಲ. ಯಾವ ವಿಷಯ ಅನ್ನೋ ಪ್ರಶ್ನೆಯೇ ತಪ್ಪು ಅಂತೀನಿ. ಏನನ್ನ ಅಳೀತೀರಿ, ಅದನ್ನ ಮೊದಲು ಹೇಳಿ.

ಎರಡನೇ ಸಲ, ಸಂಶೋಧನೆ ಏನು ಅಂತ ಗೊತ್ತಿಲ್ಲದ ಇಬ್ಬರನ್ನ ಕೂರಿಸಿ, ದಿನಾ ಯಾರು ಎಲ್ಲಿ ಕೂತರು ಅಂತ ಬರೆಸಿದೆ. ಬೆರೆತು ಕೂತದ್ದು ಮೂರೇ ಟೇಬಲ್. ನನ್ನ ಪ್ರಬಂಧ ಪೂರ್ತಿ ಆ ಮೂರು ಟೇಬಲ್ ಬಗ್ಗೆ.