ಡೆನ್ವರಿನಲ್ಲಿ ಸೊಂಟ ನೋವು, ಗಾಂಜಾ ಅಂಗಡಿ ಮತ್ತು ಒಂದು ಲೋಟ ಮೂತ್ರ

ತಮ್ಮಾ, ನಿನ್ನ ಪತ್ರ ಓದಿದೆ. ಅಣ್ಣ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ದಾವಣಗೆರೆಯಿಂದ ಡೆನ್ವರಿಗೆ ಬಂದು ನಾಲ್ಕು ತಿಂಗಳಾಯಿತು ಅಂದಿದ್ದೀಯ. ಕಾಲೇಜಿನ ದಿನಗಳಲ್ಲಿ ಬೈಕಿನಿಂದ ಬಿದ್ದಾಗ ಶುರುವಾದ ಸೊಂಟ ನೋವು ಇಲ್ಲಿಯ ಚಳಿಗೆ ಜಾಸ್ತಿಯಾಗಿದೆ. ಆಫೀಸಿನ ಗೆಳೆಯ "ಡಾಕ್ಟರ್ ಯಾಕೆ, ಅಂಗಡಿಯಲ್ಲಿ ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿ, ಗಮ್ಮಿ ಸಿಗುತ್ತೆ, ರಾತ್ರಿ ಒಂದು ತಿಂದು ಮಲಗು" ಅಂದಿದ್ದಾನೆ. ನಿನ್ನ ಡಾಕ್ಟರು ಪೇನ್ ಕ್ಲಿನಿಕ್ಕಿಗೆ ಬರೆದುಕೊಟ್ಟರೆ, ಅವರು ಮೊದಲು ಮೂತ್ರ ಪರೀಕ್ಷೆ ಅಂದಿದ್ದಾರೆ. "ಇಲ್ಲಿ ಗಾಂಜಾಕ್ಕೆ ಅನುಮತಿ ಇದೆ ಅಂದಮೇಲೆ ಪರೀಕ್ಷೆ ಯಾಕಣ್ಣ? ಒಂದು ಗಮ್ಮಿ ತಿಂದರೆ ಏನಾಗುತ್ತೆ?" ಅಂತ ಕೇಳಿದ್ದೀಯ.

ತಿನ್ನಬೇಡ. ಎಚ್-1ಬಿ ಕೆಲಸದ ವೀಸಾ ಇರುವಾಗಲೂ ಬೇಡ, ಗ್ರೀನ್ ಕಾರ್ಡ್ ಬಂದಮೇಲೂ ಬೇಡ. ಸಿಟಿಜನ್ ಆಗುವ ತನಕ ಆ ಅಂಗಡಿಯ ಮೆಟ್ಟಿಲು ಹತ್ತಬೇಡ.

ನಿನ್ನ ಗೆಳೆಯ ಸುಳ್ಳು ಹೇಳಿಲ್ಲ. ಡೆನ್ವರ್ ಇರುವ ಕೊಲೊರಾಡೊ ರಾಜ್ಯ 2000ದಲ್ಲೇ ಔಷಧಿಗೆಂದು ಗಾಂಜಾ ಬಳಸಲು ಅನುಮತಿ ಕೊಟ್ಟಿತು. 2012ರಲ್ಲಿ ಜನ ಓಟು ಹಾಕಿ 21 ವರ್ಷ ತುಂಬಿದ ಎಲ್ಲರಿಗೂ ಅನುಮತಿ ಕೊಟ್ಟರು. 2014ರ ಜನವರಿ 1ಕ್ಕೆ ಅಂಗಡಿಗಳ ಬಾಗಿಲು ತೆರೆಯಿತು. ನೋವಿಗೆ ಕೆಲಸ ಮಾಡುತ್ತೆ ಅನ್ನುವುದೂ ಬರೀ ಅಂಗಡಿ ಮಾತಲ್ಲ. ಇಲ್ಲಿನ ವಿಜ್ಞಾನಿಗಳ ಸಂಸ್ಥೆ ನ್ಯಾಷನಲ್ ಅಕಾಡೆಮೀಸ್ 2017ರ ವರದಿಯಲ್ಲಿ, ದೊಡ್ಡವರ ಹಳೇ ನೋವಿಗೆ ಗಾಂಜಾದಿಂದ ಪ್ರಯೋಜನವಿದೆ ಅನ್ನಲು ಗಟ್ಟಿ ಆಧಾರ ಇದೆ ಅಂತಲೇ ಬರೆದಿದೆ. ಆದರೆ ನಿನ್ನ ಗೆಳೆಯ ಇಲ್ಲೇ ಹುಟ್ಟಿದವನು. ಅವನ ಪಾಸ್‌ಪೋರ್ಟ್ ಬೇರೆ, ನಿನ್ನದು ಬೇರೆ.

ಅಂಗಡಿಗೆ ಲೈಸೆನ್ಸ್ ಕೊಡುವುದು ರಾಜ್ಯ. ನಿನಗೆ ವೀಸಾ ಕೊಡುವುದು ಕೇಂದ್ರ. 1970ರ ಕೇಂದ್ರ ಕಾನೂನು ಗಾಂಜಾವನ್ನು ಹೆರಾಯಿನ್ ಜೊತೆ, ನಿಯಂತ್ರಿತ ಮದ್ದುಗಳ ಅತಿ ಕಟ್ಟುನಿಟ್ಟಿನ ಮೊದಲನೇ ಪಟ್ಟಿಯಲ್ಲಿ ಕೂರಿಸಿತು. ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾಪ 2024ರಲ್ಲಿ ಬಂತು, ನಮ್ಮವರು ವಾಟ್ಸಾಪಿನಲ್ಲಿ ಕುಣಿದಾಡಿದರು. ಮೂರನೇ ಪಟ್ಟಿಯಲ್ಲಿರುವುದೂ ಡಾಕ್ಟರ ಚೀಟಿ ಬೇಕಾದ ಮಾಲೇ ಕಣಪ್ಪ. ಅಂಗಡಿ ಗಮ್ಮಿಗೆ ವೀಸಾ ಆಫೀಸರು ತಲೆಯಾಡಿಸುವುದಿಲ್ಲ.

ವೀಸಾ ಸ್ಟಾಂಪಿಂಗಿಗೆ ಊರಿಗೆ ಹೋದಾಗ ಡಿಎಸ್-160 ಅನ್ನೋ ವೀಸಾ ಅರ್ಜಿ ತುಂಬುತ್ತೀಯಲ್ಲ, ನಿಧಾನವಾಗಿ ಓದು. ನಿಯಂತ್ರಿತ ಮದ್ದುಗಳ ಕಾನೂನು ಯಾವತ್ತಾದರೂ ಮೀರಿದ್ದೀಯಾ ಅಂತ ನೇರ ಪ್ರಶ್ನೆ ಇದೆ. ಗಮ್ಮಿ ತಿಂದಿದ್ದರೆ ಹೌದು ಅಂದರೂ ಕಷ್ಟ, ಇಲ್ಲ ಅಂದರೆ ಸುಳ್ಳು. ಕೋರ್ಟು, ಶಿಕ್ಷೆ ಏನೂ ಬೇಕಿಲ್ಲ, ನೀನೇ ಬಾಯಿಬಿಟ್ಟರೂ ವೀಸಾ ತಡೆಯಲು ಸಾಕು. ಸಿಟಿಜನ್‌ಶಿಪ್ ಹೊತ್ತಿಗೂ ಇದೇ ಕಥೆ. ರಾಜ್ಯದಲ್ಲಿ ಅನುಮತಿ ಇದ್ದರೂ ಗಾಂಜಾ ಸೇವನೆ, ಗಾಂಜಾ ಕಂಪನಿಯ ಕೆಲಸ ಎರಡೂ ಅಡ್ಡಿಯಾಗಬಹುದು ಅಂತ ಆ ಅರ್ಜಿ ನೋಡುವ ಕೇಂದ್ರ ಇಲಾಖೆ ಯುಎಸ್‌ಸಿಐಎಸ್ 2019ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಕನ್ಸಲ್ಟೆನ್ಸಿಯವನು ಗಾಂಜಾ ಅಂಗಡಿಗೆ ಸಾಫ್ಟ್‌ವೇರ್ ಬರೆಯೋ ಪ್ರಾಜೆಕ್ಟಿಗೆ ಹಾಕಿದರೆ, ಒಪ್ಪುವ ಮೊದಲು ವಕೀಲರನ್ನು ಕೇಳು. ಇನ್ನೊಂದು, ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿಗೆ ಗೆಳೆಯರ ಜೊತೆ ಹೋಗುತ್ತೀಯಲ್ಲ, ಅದು ಕೇಂದ್ರದ ನೆಲ. ಅಲ್ಲಿ ಜೇಬಿನಲ್ಲಿ ಇಟ್ಟುಕೊಂಡರೂ ಅಪರಾಧವೇ.

ಕೆಲಸದ ಬಗ್ಗೆ ಒಂದೇ ಕಥೆ ಸಾಕು. ಬ್ರ್ಯಾಂಡನ್ ಕೋಟ್ಸ್ ಅಂತ ಇದೇ ರಾಜ್ಯದವನು, ಹದಿಹರೆಯದಲ್ಲಿ ಕಾರು ಅಪಘಾತವಾಗಿ ಗಾಲಿ ಕುರ್ಚಿ ಹಿಡಿದವನು. ಸ್ನಾಯು ಸೆಳೆತಕ್ಕೆ ಮನೆಯಲ್ಲಿ ಮಾತ್ರ, ರಾಜ್ಯದ ಕಾರ್ಡ್ ಇಟ್ಟುಕೊಂಡು ಗಾಂಜಾ ಬಳಸುತ್ತಿದ್ದ. ಅವನು ಕೆಲಸಕ್ಕಿದ್ದ ಟಿವಿ ಕಂಪನಿ ಡಿಶ್ ನೆಟ್‌ವರ್ಕಿನವರು ಪರೀಕ್ಷೆ ಮಾಡಿ 2010ರಲ್ಲಿ ಕೆಲಸದಿಂದ ತೆಗೆದರು. 2015ರಲ್ಲಿ ಕೊಲೊರಾಡೊ ಸುಪ್ರೀಂ ಕೋರ್ಟ್ ಕಂಪನಿ ಪರವಾಗಿಯೇ ತೀರ್ಪು ಕೊಟ್ಟಿತು. ಕೇಂದ್ರದಲ್ಲಿ ಅಪರಾಧವಾದದ್ದು ಕಾನೂನುಬದ್ಧ ಅಲ್ಲ ಅಂತ. ಗಾಲಿ ಕುರ್ಚಿಯಲ್ಲಿದ್ದ ಸಿಟಿಜನ್ನಿಗೇ ಹೀಗೆ. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ಕೆಲಸಗಾರರಿಗೆ ಸ್ವಲ್ಪ ರಕ್ಷಣೆ ಇದೆ. ಆದರೆ ನೀನಿರುವುದು ಇಲ್ಲಿ.

ಈಗ ನಿನ್ನ ಕ್ಲಿನಿಕ್ ವಿಚಾರ. ಇದು ನನ್ನ ಮೈಮೇಲೆ ಹಾದುಹೋದದ್ದು.

2019ರಲ್ಲಿ ನನ್ನ ಡಿಸ್ಕ್ ಜಾರಿತ್ತು. ಒಂದು ಪೇನ್ ಕ್ಲಿನಿಕ್ಕಿನವರು ಹೈಡ್ರೊಕೊಡೋನ್ ಕೊಡುತ್ತಿದ್ದರು. ಅದು ಅಫೀಮಿನ ಜಾತಿಯ ಮಾತ್ರೆ. ಶುರುಮಾಡುವ ಮೊದಲು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಒಬ್ಬರೇ ಡಾಕ್ಟರು, ಒಂದೇ ಔಷಧಿ ಅಂಗಡಿ, ಕರೆದಾಗ ಮಾತ್ರೆ ಎಣಿಸಲು ತರಬೇಕು, ಹೇಳಿದಾಗ ಮೂತ್ರ ಕೊಡಬೇಕು. ಮನೆ ಬಾಡಿಗೆ ಕರಾರಿಗಿಂತ ಕಠಿಣ. ನಾನು ಗಾಂಜಾ ಮುಟ್ಟಿದವನಲ್ಲ. ಆದರೆ ಯಾರೋ ಸಿಬಿಡಿ ಎಣ್ಣೆ ಒಳ್ಳೆಯದು ಅಂದರು. ಗಾಂಜಾ ಜಾತಿಯದೇ ಆದ, ಮತ್ತು ತರಿಸದ ಹೆಂಪ್ ಗಿಡದ್ದು, 2018ರ ಕೊನೆಯಿಂದ ಕೇಂದ್ರವೂ ಒಪ್ಪಿದ್ದು, ದಿನಸಿ ಅಂಗಡಿಯಲ್ಲೇ ಇತ್ತು. ನಾಲಿಗೆ ಕೆಳಗೆ ನಾಲ್ಕು ಹನಿ ಬಿಟ್ಟುಕೊಂಡೆ, ಎರಡು ತಿಂಗಳು. ನವೆಂಬರಿನ ಪರೀಕ್ಷೆಯಲ್ಲಿ ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಮತ್ತು ತರಿಸುವ ಅಂಶ, ಪಾಸಿಟಿವ್ ಬಂತು. ಹೆಂಪಿನಲ್ಲಿ 0.3 ಪರ್ಸೆಂಟ್ ತನಕ ಟಿಎಚ್‌ಸಿ ಇರಲು ಆಗಿನ ಕಾನೂನೇ ಬಿಡುತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ಶೀಶೆ ಮೇಲೆ ಬರೆದದ್ದನ್ನು ನಂಬಿದ್ದೆ.

ಒಪ್ಪಂದ ಮುರಿದಿದ್ದೀರಿ ಅಂದರು. ಮಾತ್ರೆ ನಿಂತಿತು. ನಿಧಾನಕ್ಕೆ ಇಳಿಸಲೂ ಇಲ್ಲ, ಒಂದೇ ಸಲ. ನಿದ್ದೆ ಇಲ್ಲ, ಬೆವರು, ಹೊಟ್ಟೆ ಕೆಟ್ಟಿತು. ಮೂರು ತಿಂಗಳು ಬೇರೆ ಕ್ಲಿನಿಕ್ ಸಿಗಲಿಲ್ಲ. ಹಳೇ ಕ್ಲಿನಿಕ್ಕಿನ ಟಿಪ್ಪಣಿ ನೋಡಿದವರೆಲ್ಲ "ಜಾಗ ಇಲ್ಲ" ಅನ್ನುತ್ತಿದ್ದರು. ಸಿಟಿಜನ್‌ಶಿಪ್ ಅರ್ಜಿ ಬೇರೆ ಅರ್ಧದಲ್ಲಿತ್ತು. ಶೀಶೆ, ರಸೀದಿ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ ಅಂತ ವಕೀಲರು ಹೇಳಿದ್ದಕ್ಕೆ ಇವತ್ತಿಗೂ ಅದು ನನ್ನ ಫೈಲಿನಲ್ಲಿದೆ.

ಆಮೇಲೆ ಓದಿದಾಗ ಹೊಟ್ಟೆ ಉರಿಯಿತು. ಈ ಪರೀಕ್ಷೆಗಳಿಗೆ ಒತ್ತು ಕೊಟ್ಟದ್ದು ಸಿಡಿಸಿಯ, ಅಂದರೆ ಕೇಂದ್ರದ ಆರೋಗ್ಯ ಸಂಸ್ಥೆಯ, 2016ರ ಮಾರ್ಗಸೂಚಿ. ಶುರುವಿಗೆ ಒಂದು, ಆಮೇಲೆ ವರ್ಷಕ್ಕೆ ಒಂದಾದರೂ ಮೂತ್ರ ಪರೀಕ್ಷೆ ಅಂತ ಅದು ಹೇಳಿತ್ತು. ಆದರೆ ಅದೇ ಮಾರ್ಗಸೂಚಿ ಇನ್ನೂ ಎರಡು ಮಾತು ಹೇಳಿತ್ತು. ಪರೀಕ್ಷೆಯ ಫಲಿತಾಂಶ ನೋಡಿ ರೋಗಿಯನ್ನು ಹೊರಗೆ ಹಾಕಬೇಡಿ. ಫಲಿತಾಂಶ ಬಂದರೆ ಏನು ಮಾಡಬೇಕು ಅಂತ ಗೊತ್ತಿಲ್ಲದ ವಸ್ತುವಿಗೆ ಪರೀಕ್ಷೆಯನ್ನೇ ಮಾಡಬೇಡಿ. ಅದಕ್ಕೆ ಕೊಟ್ಟ ಉದಾಹರಣೆಯೇ ಟಿಎಚ್‌ಸಿ! ಹೀಗೆ ಒಂದೇ ಸಲ ಮಾತ್ರೆ ನಿಲ್ಲಿಸಬೇಡಿ ಅಂತ ಔಷಧಿಗಳ ಮೇಲೆ ನಿಗಾ ಇಡುವ ಎಫ್‌ಡಿಎ ಎಚ್ಚರಿಸಿದ್ದೂ ಅದೇ 2019ರಲ್ಲಿ. ಪರೀಕ್ಷೆ ಮಾಡಿ ಅಂದದ್ದನ್ನು ಹಿಡಿದುಕೊಂಡರು, ಉಳಿದದ್ದನ್ನು ಬಿಟ್ಟರು. ಲೈಸೆನ್ಸ್ ಹೋದೀತು ಅನ್ನೋ ಭಯ ಡಾಕ್ಟರಿಗೆ, ನೋವು ನಮಗೆ. 2022ರಲ್ಲಿ ಮಾರ್ಗಸೂಚಿ ಸ್ವಲ್ಪ ಮೆದುವಾಗಿದೆ, ಹೊರಗೆ ಹಾಕಬೇಡಿ ಅನ್ನುವುದು ಹಾಗೇ ಉಳಿದಿದೆ. ಅದಕ್ಕೆ ಮೊದಲ ದಿನವೇ ಕೇಳು: "ಟಿಎಚ್‌ಸಿಗೂ ಪರೀಕ್ಷೆ ಮಾಡುತ್ತೀರಾ? ಪಾಸಿಟಿವ್ ಬಂದರೆ ನಿಮ್ಮ ನಿಯಮ ಏನು?" ಕೇಳಿದರೆ ಅನುಮಾನ ಪಡುತ್ತಾರೆ ಅಂತ ಹೆದರಬೇಡ. ಸಹಿ ಹಾಕುವವನಿಗೆ ಕೇಳುವ ಹಕ್ಕಿದೆ.

ಪರೀಕ್ಷೆ ನಡೆಯುವುದು ಹೀಗೆ. ಲೋಟ ಕೊಡುತ್ತಾರೆ, ಅದರ ಮೇಲೆ ಶಾಖ ತೋರಿಸುವ ಪಟ್ಟಿ ಇರುತ್ತೆ. ಮೊದಲನೆಯದು ಬೇಗ ಮುಗಿಯುವ ಒರಟು ಪರೀಕ್ಷೆ, ತಪ್ಪಾಗುತ್ತೆ. ಆಮೇಲೆ ಲ್ಯಾಬಿಗೆ ಹೋಗುವ ಎರಡನೆಯದೇ ಖಚಿತ. ಪಾಸಿಟಿವ್ ಅಂದರೆ ಮೊದಲು ಆ ಎರಡನೆಯದನ್ನು ಮಾಡಿಸಿ ಅನ್ನು. ಆದರೆ ಲ್ಯಾಬು ನಿನ್ನ ಇನ್ಶೂರೆನ್ಸಿಗೆ ಸೇರಿದ್ದಾ ಅಂತಲೂ ಕೇಳು, ಇಲ್ಲದಿದ್ದರೆ ಬಿಲ್ ನೋಡಿ ಸೊಂಟದ ಜೊತೆ ಎದೆಯೂ ನೋಯುತ್ತೆ. ಗಾಂಜಾದ ಅಂಶ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಇಳಿಯುತ್ತೆ. ದಿನಾ ಸೇದುವವರಲ್ಲಿ ತಿಂಗಳಾದರೂ ಸಿಗಬಹುದು. "ಶನಿವಾರ ತಿಂದೆ, ಸೋಮವಾರಕ್ಕೆ ಹೋಗಿರುತ್ತೆ" ಅನ್ನೋ ಲೆಕ್ಕ ಬಿಯರಿಗೆ ಸರಿ, ಇದಕ್ಕಲ್ಲ.

ಇನ್ನು ನಮ್ಮವರಿಗಷ್ಟೇ ಬರುವ ತೊಂದರೆಗಳು. ಊರಿಂದ ಬರುವಾಗ ಅಮ್ಮ ಕಟ್ಟಿಕೊಟ್ಟ ಔಷಧಿ ಡಬ್ಬಿ ತೆಗೆದು ನೋಡು. ಪ್ಯಾನ್-40 ಇದೆಯಾ? ಗ್ಯಾಸಿಗೆ ತಿನ್ನುವ ಆ ಪ್ಯಾಂಟೊಪ್ರಜೋಲ್ ಮಾತ್ರೆ ಒರಟು ಪರೀಕ್ಷೆಯಲ್ಲಿ ಗಾಂಜಾ ಅಂತ ತಪ್ಪಾಗಿ ತೋರಿಸಬಹುದು. ಇಲ್ಲಿ ಔಷಧಿ ಜೊತೆ ಬರುವ ಮಾಹಿತಿ ಹಾಳೆಯಲ್ಲೇ ಹಾಗೆ ಬರೆದಿರುತ್ತಾರೆ. ಅಲ್ಟ್ರಾಸೆಟ್ ಇದೆಯಾ? ಆ ನೋವಿನ ಮಾತ್ರೆಯಲ್ಲಿ ಅಫೀಮಿನ ಜಾತಿಯ ಟ್ರಮಡಾಲ್ ಇದೆ. 2014ರಿಂದ ಅಮೆರಿಕದಲ್ಲಿ ಅದೂ ನಿಯಂತ್ರಿತ ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಇಟ್ಟುಕೊಳ್ಳಬೇಡ, ಗೆಳೆಯರಿಗೆ ಒಂದು ಸ್ಟ್ರಿಪ್ ಕೊಡುವ ಉಪಕಾರವಂತೂ ಬೇಡವೇ ಬೇಡ. ಏನೇನು ತಿನ್ನುತ್ತೀಯೋ ಎಲ್ಲ ಬರೆದುಕೊಂಡು ಹೋಗು. ಮತ್ತೆ ಗಸಗಸೆ. ನಗಬೇಡ, ಅದರಲ್ಲಿ ನಿಜವಾಗಿಯೂ ಅಫೀಮಿನ ಮಾರ್ಫಿನ್ ಅಂಶ ಇರುತ್ತೆ, ಪರೀಕ್ಷೆಯಲ್ಲಿ ಸಿಗಬಹುದು. 2023ರಲ್ಲಿ ಇಲ್ಲಿಯ ರಕ್ಷಣಾ ಇಲಾಖೆಯೇ ಸೈನಿಕರಿಗೆ ಗಸಗಸೆ ತಿನ್ನಬೇಡಿ ಅಂತ ಹೇಳಿತು. ಅವರು ತಿನ್ನುವುದು ಬ್ರೆಡ್ಡಿನ ಮೇಲೆ ಉದುರಿಸಿದ ನಾಲ್ಕು ಕಾಳು, ನಾವು ರುಬ್ಬಿ ಬಟ್ಟಲುಗಟ್ಟಲೆ ಕುಡಿಯುವವರು.

ಹಾಗಾದರೆ ನೋವಿಗೇನು? ನಿನಗೆ ಅಫೀಮಿನ ಮಾತ್ರೆ ಬೇಕೇ ಬೇಕು ಅಂತ ನನಗನ್ನಿಸುವುದಿಲ್ಲ, ಅದನ್ನು ಕೇಳಿಕೊಂಡೂ ಹೋಗಬೇಡ. ಫಿಸಿಯೋಥೆರಪಿ ಶುರುಮಾಡು, ಇಲ್ಲಿ ಪಿಟಿ ಅನ್ನುತ್ತಾರೆ. ಸಾಮಾನ್ಯವಾಗಿ ಆರು ವಾರ ಪಿಟಿ ಆಗದೆ ಇನ್ಶೂರೆನ್ಸಿನವರು ಎಂಆರ್‌ಐಗೆ ಒಪ್ಪುವುದಿಲ್ಲ. ದಾವಣಗೆರೆಯಲ್ಲಿ ಬೆಳಗ್ಗೆ ದುಡ್ಡು ಕಟ್ಟಿದರೆ ಸಂಜೆಗೆ ಫಿಲ್ಮ್ ಕೈಗೆ ಬರುತ್ತೆ, ಅಲ್ವಾ? ಹಳೇ ಎಂಆರ್‌ಐ ಮನೆಯಲ್ಲಿದ್ದರೆ ಅಪ್ಪನಿಗೆ ಹೇಳಿ ಸ್ಕ್ಯಾನ್ ಮಾಡಿಸಿ ತರಿಸಿಕೋ, ಡಾಕ್ಟರಿಗೆ ಹೋಲಿಸಿ ನೋಡಲು ಬೇಕಾಗುತ್ತೆ. ಡುಲೊಕ್ಸೆಟಿನ್ ಅನ್ನೋ ಹಳೇ ನೋವಿಗೆ ಕೊಡುವ ಮಾತ್ರೆ, ಬೆನ್ನಿನ ಇಂಜೆಕ್ಷನ್, ಇವೆಲ್ಲ ಈ ಒಪ್ಪಂದ, ಲೋಟಗಳ ಗೋಜಿಲ್ಲದೆ ಸಾಮಾನ್ಯವಾಗಿ ಸಿಗುತ್ತವೆ. ನನಗೆ ಕೊನೆಗೆ ಕೈಹಿಡಿದದ್ದು ಪಿಟಿಯವಳು ಹೇಳಿಕೊಟ್ಟ ನಾಲ್ಕು ವ್ಯಾಯಾಮ, ಮತ್ತೆ ವಾರಕ್ಕೆ ಮೂರು ದಿನ ಈಜು. ಪೂರ್ತಿ ಹೋಗಿಲ್ಲ. ಹಿಮ ಗೋರುವ ದಿನ ಇವತ್ತಿಗೂ ಹಿಡಿದುಕೊಳ್ಳುತ್ತೆ.

ಅಂದಹಾಗೆ ಮುಂದಿನ ಭಾನುವಾರ ಮನೆಗೆ ಊಟಕ್ಕೆ ಬಾ. ನಿನ್ನ ಮೂತ್ರ ಪರೀಕ್ಷೆ ಯಾವತ್ತು ಅಂತ ಮೊದಲೇ ತಿಳಿಸು. ನಿನ್ನ ಅತ್ತಿಗೆ ಗಸಗಸೆ ಪಾಯಸ ಮಾಡುತ್ತೇನೆ ಅಂತ ಕೂತಿದ್ದಾಳೆ, ಶಾವಿಗೆಗೆ ಬದಲಾಯಿಸಬೇಕಾಗುತ್ತೆ.