ಗ್ಯಾಸ್ಕೆಟ್ ಬದಲಿಸಿದರೂ ಮರಳಿ ಬರುವ ಸದ್ದು

ಪ್ರಶ್ನೆ: ನನ್ನದು ಹನ್ನೊಂದು ವರ್ಷದ ಪೆಟ್ರೋಲ್ ಕಾರು. ವಾರದಲ್ಲಿ ಐದು ದಿನ ಸೇಡಂನಿಂದ ಕಲಬುರಗಿಗೆ ಓಡಾಡುತ್ತೇನೆ. ಬೆಳಿಗ್ಗೆ ಚಾಲೂ ಮಾಡಿದೊಡನೆ ಎಂಜಿನ್ ಕಡೆಯಿಂದ ಟಕ್ ಟಕ್ ಎಂಬ ಸದ್ದು ಬರುತ್ತದೆ. ಐದಾರು ನಿಮಿಷಗಳಲ್ಲಿ ಅಡಗುತ್ತದೆ. ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿಗೆ ಸೈಲೆನ್ಸರಿನ ಮುಂದಿನ ಪೈಪು ಸೇರುವ ಫ್ಲೇಂಜಿನಲ್ಲಿ (ನಟ್ಟು ಬಿಗಿಯುವ ಅಗಲ ಅಂಚು) ಹೊಗೆ ಸೋರುತ್ತಿದೆಯೆಂದು ಮಿಸ್ತ್ರಿಯವರು ಎಂಟು ತಿಂಗಳಲ್ಲಿ ಎರಡು ಸಲ ಗ್ಯಾಸ್ಕೆಟ್, ಅಂದರೆ ನಡುವಿನ ಸಂದಿ ಮುಚ್ಚುವ ಬಿಲ್ಲೆ, ಬದಲಿಸಿದರು. ಎರಡು ಸಲವೂ ಸದ್ದು ಮರಳಿತು. ಈಗ ಸೈಲೆನ್ಸರ್ ಪೇಸ್ಟ್ ಹಚ್ಚೋಣ ಎನ್ನುತ್ತಿದ್ದಾರೆ. ಹಚ್ಚಿಸಲೇ?
– ಓದುಗರೊಬ್ಬರು, ಸೇಡಂ

ಉತ್ತರ: ಪೇಸ್ಟ್ ಬೇಡ. ಅದು ಹಿಂದಿನ ಪೈಪಿನ ಸಣ್ಣ ತೂತಿಗೆ ಕೆಲವು ದಿನ ತಡೆದೀತು. ಎಂಜಿನ್ನಿಗೆ ಅಂಟಿಕೊಂಡಂತಿರುವ ಈ ಜೋಡಣೆಯ ಕಾವು ಮತ್ತು ಅಲುಗಾಟಕ್ಕೆ ಒಣಗಿ ಉದುರುತ್ತದೆ. ಮಿಸ್ತ್ರಿಯವರು ಸೋರುವ ಜಾಗವನ್ನು ಸರಿಯಾಗಿಯೇ ಗುರುತಿಸಿದ್ದಾರೆ: ತಣ್ಣಗಿದ್ದಾಗ ಸದ್ದು ಮಾಡಿ, ಲೋಹ ಕಾದು ಹಿಗ್ಗಿದ ಮೇಲೆ ಸಂದಿ ಮುಚ್ಚಿ ಸುಮ್ಮನಾಗುವುದು ಇಂಥ ಸೋರಿಕೆಯ ಗುರುತು. ಆದರೆ ಎರಡು ಗ್ಯಾಸ್ಕೆಟ್ ಒಂದೇ ಜಾಗದಲ್ಲಿ ಸುಟ್ಟಿವೆಯೆಂದರೆ ತಪ್ಪು ಗ್ಯಾಸ್ಕೆಟಿನದಲ್ಲ, ಅದನ್ನು ಒತ್ತಿ ಹಿಡಿಯಬೇಕಾದ ಫ್ಲೇಂಜಿನದು ಅಥವಾ ಫ್ಲೇಂಜನ್ನು ಎಳೆದಾಡುತ್ತಿರುವ ಬೇರಾವುದೋ ಭಾಗದ್ದು.

ಈ ಸಲ ಬಿಚ್ಚಿದಾಗ ಹಳೆಯ ಗ್ಯಾಸ್ಕೆಟನ್ನು ಎಸೆಯಲು ಬಿಡದೆ ಕೈಯಲ್ಲಿ ಹಿಡಿದು ನೋಡಿ. ಮಸಿಯ ಗೆರೆ ಒಂದೇ ಬದಿಗೆ ಹರಿದಿದ್ದರೆ ಆ ಬದಿಯಲ್ಲಿ ಒತ್ತಡ ಬಿದ್ದಿಲ್ಲ. ಪೈಪಿನ ಫ್ಲೇಂಜನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಅದರ ಮೇಲೆ ಉಕ್ಕಿನ ಸ್ಕೇಲನ್ನು ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟರೆ ಬಾಗಿದ್ದೆಲ್ಲಿ ಎಂದು ಬೆಳಕೇ ತೋರಿಸುತ್ತದೆ. ಸೋರಿಕೆ ನಿಲ್ಲಲೆಂದು ನಟ್ಟುಗಳನ್ನು ಮತ್ತೆ ಮತ್ತೆ ಬಿಗಿದಾಗ ತೆಳುವಾದ ಫ್ಲೇಂಜಿನ ಕಿವಿಗಳು (ನಟ್ಟು ಕೂರುವ ಬದಿಗಳು) ಬಾಗಿ ನಡುಭಾಗ ಎದ್ದು ನಿಲ್ಲುವುದು ಸಾಮಾನ್ಯ. ಸ್ವಲ್ಪ ಬಾಗಿದ್ದರೆ ಲೇತಿನವರು ಮುಖ ಸಮ ಮಾಡಿಕೊಡುತ್ತಾರೆ. ಹೆಚ್ಚು ಬಾಗಿದ್ದರೆ ಹೊಸ ಫ್ಲೇಂಜ್ ಬೆಸುಗೆ ಹಾಕಿಸುವುದೇ ಲೇಸು.

ನಿಮ್ಮ ಜೋಡಣೆಯಲ್ಲಿ ಚಪ್ಪಟೆ ಗ್ಯಾಸ್ಕೆಟಿನ ಬದಲು ಉಂಗುರದಂಥ ಗ್ಯಾಸ್ಕೆಟ್ ಮತ್ತು ಸ್ಪ್ರಿಂಗ್ ಬೋಲ್ಟುಗಳಿದ್ದರೆ ಲೆಕ್ಕ ಬೇರೆ. ಎಂಜಿನ್ ತೂಗಿದಾಗ ಪೈಪೂ ಕೊಂಚ ಹೊರಳಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಸ್ಪ್ರಿಂಗ್ ಸೋತಿದ್ದರೆ ಅದನ್ನೂ ಬದಲಿಸಬೇಕು. ಸ್ಪ್ರಿಂಗ್ ತೆಗೆದು ಸಾದಾ ಬೋಲ್ಟ್ ಬಿಗಿಯಬಾರದು. ನನ್ನ ಹಳೆಯ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೀಗೆಯೇ ಮಾಡಿದ್ದರು. ಎರಡನೆಯ ತಿಂಗಳಿಗೆ ಪೈಪೇ ಸೀಳಿತು.

ಬಳಿಕ ಕಾರಿನ ಅಡಿಗೆ ಇಣುಕಬೇಕು. ಸಿಮೆಂಟ್ ಲಾರಿಗಳು ಓಡಾಡುವ ಮಳಖೇಡದ ಆ ದಾರಿಯಲ್ಲಿ ಸೈಲೆನ್ಸರಿನ ತೂಗುರಬ್ಬರ್ ಒಂದು ಹರಿದರೂ ಸಾಕು, ಪೈಪಿನ ಭಾರವೆಲ್ಲ ಮುಂದಿನ ಫ್ಲೇಂಜಿನ ಮೇಲೆ ಜೋತುಬೀಳುತ್ತದೆ. ಎಂಜಿನ್ನನ್ನು ಹೊತ್ತು ನಿಲ್ಲಿಸುವ ಮೌಂಟಿನ ರಬ್ಬರ್ ಸವೆದಿದ್ದರೂ ಇದೇ ಗತಿ. ಇವನ್ನು ಬಿಟ್ಟು ಗ್ಯಾಸ್ಕೆಟ್ ಹಾಕಿದರೆ ಮೂರನೆಯದೂ ಸುಡುತ್ತದೆ.

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿಸಿ, ಇಲ್ಲವಾದರೆ ನಟ್ಟು ಕೂರುವ ತಲೆಯಿಲ್ಲದ ಬೋಲ್ಟ್, ಅಂದರೆ ಸ್ಟಡ್, ಮುರಿದು ಅರ್ಧ ದಿನದ ಕೆಲಸ ಎರಡು ದಿನವಾದೀತು. ಸ್ಟಡ್, ನಟ್ ಎರಡೂ ಹೊಸದಿರಲಿ. ಒಳಗೆ ನೈಲಾನ್ ಬಳೆಯಿರುವ ನಟ್ ಇಲ್ಲಿ ಕರಗುತ್ತದೆ. ತಾಮ್ರದ ಲೇಪವಿರುವ ಅಥವಾ ಪೂರ್ತಿ ಲೋಹದ ಲಾಕ್ ನಟ್ ಕೇಳಿ. ಒಂದನ್ನೇ ಪೂರ್ತಿ ಬಿಗಿಯದೆ, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವಾಗಿ ತಂದು, ಕೊನೆಗೆ ಕಂಪನಿಯ ಕೈಪಿಡಿಯಲ್ಲಿರುವ ಬಿಗಿತಕ್ಕೆ ಟಾರ್ಕ್ ಪಾನಾದಿಂದ ನಿಲ್ಲಿಸಲಿ. ಹಣ ಕೊಡುವ ಮೊದಲು, ಎಂಜಿನ್ ತಣ್ಣಗಿರುವಾಗಲೇ, ಸೈಲೆನ್ಸರಿನ ಬಾಯಿಗೆ ಗ್ಯಾರೇಜಿನ ಬ್ಲೋವರಿನಿಂದ ಗಾಳಿ ಬಿಡಿಸಿ, ಫ್ಲೇಂಜಿಗೆ ಸಾಬೂನು ನೀರು ಸುರಿಸಿ. ಗುಳ್ಳೆ ಏಳಬಾರದು.

ಇನ್ನೊಂದು ಮಾತು. ಫ್ಲೇಂಜಿನ ಸಂದಿಯಿಂದ ಹೊರಗಿನ ಗಾಳಿ ಒಳಸೇರಿ ಮುಂದಿರುವ ಆಕ್ಸಿಜನ್ ಸೆನ್ಸರನ್ನು (ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸಾಧನ) ಮೋಸಗೊಳಿಸಿದರೆ ಎಂಜಿನ್ ಬೇಡದಷ್ಟು ಪೆಟ್ರೋಲ್ ಕುಡಿಯುತ್ತದೆ. ಮೈಲೇಜ್ ಇಳಿದಿದ್ದರೆ ಅದಕ್ಕೂ ಇದೇ ಕಾರಣವಿರಬಹುದು. ಅದಕ್ಕಿಂತ ಮುಖ್ಯವಾದದ್ದು, ಸೋರುವ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ರಿಪೇರಿ ಆಗುವವರೆಗೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬೇಡಿ. ಓಡಿಸುವಾಗ ತಲೆನೋವೋ ತಲೆಸುತ್ತೋ ಬಂದರೆ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೂಡಲೇ ಹೊರಗಿಳಿಯಿರಿ.